ಸೊನ್ನೆ ಬಂದರೆ ಹಾಲು ಹೊರಡುತ್ತದೆ

ಇನ್ನೂ ಬೆಳಕು ಹರಿದಿಲ್ಲ. ಹುಬ್ಬಳ್ಳಿಯ ಅಂಚಿನಲ್ಲಿರುವ ಈ ಖಾಸಗಿ ಡೇರಿಯ ಅಂಗಳದಲ್ಲಿ ಹಾಲಿನ ಗಾಡಿಗಳು ಸಾಲುಗಟ್ಟಿ ನಿಂತಿವೆ. ಡ್ರೈವರುಗಳು ಕಿವಿ ಮುಚ್ಚುವಂತೆ ಟವೆಲ್ ಸುತ್ತಿಕೊಂಡು ಚಹಾ ಹೀರುತ್ತಿದ್ದಾರೆ. ಹಮಾಲರು ಖಾಲಿ ಕ್ರೇಟುಗಳ ಮೇಲೆ ಕೂತು ಆಕಳಿಸುತ್ತಿದ್ದಾರೆ. ಎಲ್ಲರ ಕಣ್ಣೂ ಒಂದು ಸಣ್ಣ ಕೋಣೆಯ ಗಾಜಿನ ಕಿಟಕಿಯ ಮೇಲಿದೆ. ಒಳಗೆ ಚೂಡಿದಾರದ ಮೇಲೆ ಗಂಡಸರ ಸ್ವೆಟರ್ ತೊಟ್ಟ ಹೆಣ್ಣುಮಗಳೊಬ್ಬರು ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನ ಹಾಗೆ ಮೇಲೇರುತ್ತಿವೆ.

ಧಾರವಾಡ ಕಡೆಯ ಗಾಡಿ ಓಡಿಸುವ ಸೋಮಪ್ಪ ಕಿಟಕಿಗೆ ಮೂಗು ಹಚ್ಚಿ ಕೇಳುತ್ತಾರೆ: “ಮೇಡಮ್ಮಾರ, ಸೊನ್ನಿ ಬಂದುವೇನ್ರಿ?”

“ಎರಡು ಬಂದಾವ, ಇನ್ನೆರಡು ಬರಬೇಕು. ಚಾ ಮುಗಸ್ರಿ,” ಎನ್ನುತ್ತಾರೆ ಒಳಗಿದ್ದವರು, ಪರದೆಯಿಂದ ಕಣ್ಣು ಕೀಳದೆ.

ಸ್ವಲ್ಪ ಹೊತ್ತಿಗೆ ಪ್ರಿಂಟರ್ ಕೊರಕೊರ ಎನ್ನುತ್ತದೆ. ಯಾವ ಗಾಡಿಗೆ ಎಷ್ಟು ಹಾಲು, ಎಷ್ಟು ಮೊಸರು, ಯಾವ ಅಂಗಡಿಗೆ ಮೊದಲು ಎಂಬ ಚೀಟಿಗಳು ಹೊರಬೀಳುತ್ತವೆ. ಅಂಗಳಕ್ಕೆ ಜೀವ ಬರುತ್ತದೆ. ಕ್ರೇಟು ಏರುತ್ತವೆ, ಎಂಜಿನ್ನುಗಳು ಕೆಮ್ಮುತ್ತವೆ, ಗಾಡಿಗಳು ಗೇಟು ದಾಟುತ್ತವೆ. ಇನ್ನೊಂದು ತಾಸಿನಲ್ಲಿ ಅವಳಿ ನಗರದ ಸಾವಿರಾರು ಮನೆಗಳಲ್ಲಿ ಚಹಾ ಕುದಿಯುತ್ತದೆ. ಆ ಚಹಾ ಕುಡಿಯುವವರಲ್ಲಿ ಒಬ್ಬರಿಗೂ ಹುಮಾ ಎಂಬ ಹೆಸರು ಗೊತ್ತಿಲ್ಲ.

ಹುಮಾ ಕೇಶ್ವಾಪುರದವರು. ವಯಸ್ಸು ಮೂವತ್ತು ದಾಟಿದೆ. ಬಿಸಿಎ ಓದಿ ಈ ಡೇರಿಗೆ ಬಂದದ್ದು ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುವ ಕೆಲಸಕ್ಕೆ. ಆಗ ಡೇರಿಯಲ್ಲಿ ನಾಲ್ಕು ಪ್ರೋಗ್ರಾಂಗಳಿದ್ದವು. ಅಂಗಡಿಗಳ ಆರ್ಡರ್ ತರುವುದು ಒಂದು. ಕೋಲ್ಡ್ ರೂಮಿನಲ್ಲಿ ಏನೇನಿದೆ ಎಂದು ಹೇಳುವುದು ಇನ್ನೊಂದು. ಯಾವ ಗಾಡಿ ಎಲ್ಲಿಗೆ ಎಂದು ತೀರ್ಮಾನಿಸುವುದು ಮೂರನೆಯದು, ಚೀಟಿ ಮುದ್ರಿಸುವುದು ನಾಲ್ಕನೆಯದು. ನಾಲ್ಕನ್ನೂ ಬರೆದವರು ಬೇರೆ ಬೇರೆ, ಬರೆದ ಕಾಲವೂ ಬೇರೆ. ಒಂದಕ್ಕೆ ಇನ್ನೊಂದರ ಗುರುತೇ ಇಲ್ಲ. ದಿನಾ ನಸುಕಿನಲ್ಲಿ ಯಾರಾದರೊಬ್ಬರು ಒಂದೊಂದನ್ನೇ ಎಬ್ಬಿಸಿ, ಮುಗಿಯುವವರೆಗೆ ಕಾದು, ಅದು ಕೊಟ್ಟದ್ದನ್ನು ಮುಂದಿನದಕ್ಕೆ ಉಣಿಸಬೇಕಿತ್ತು. ಆ ಯಾರಾದರೊಬ್ಬರು ಒಂದು ಗಳಿಗೆ ಕಣ್ಣು ಮುಚ್ಚಿದರೆ ಊರಿಗೆ ಹಾಲಿಲ್ಲ.

ಹುಮಾ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆಜ್ಞೆಗಳ ಪಟ್ಟಿ, ಬರೆದರು. ನಾಲ್ಕು ಪ್ರೋಗ್ರಾಂಗಳನ್ನೂ ಅದೇ ಸಾಲಾಗಿ ಕರೆದು ಕೆಲಸ ಮಾಡಿಸುತ್ತದೆ. ಆದರೆ ಅವರ ನಿಜವಾದ ಕಸುಬು ಇರುವುದು ಸ್ಕ್ರಿಪ್ಟಿನೊಳಗೆ ಒಂದೊಂದು ಕೆಲಸಕ್ಕೆ ಒಂದರಂತೆ ಬರೆದ ಪುಟ್ಟ ಫಂಕ್ಷನ್‌ಗಳಲ್ಲಿ. ಹೊರಗಿನ ಪ್ರೋಗ್ರಾಂಗೆ ಕೆಲಸ ಹೇಳುವುದು ಒಂದು, ಮುಗಿಯುವವರೆಗೆ ಕಾಯುವುದು ಒಂದು. ಅದು ತಕರಾರು ಮಾಡಿದರೆ ಏನೆಂದಿತು ಎಂದು ಕೇಳಿ ಬರೆದಿಡುವುದು ಮತ್ತೊಂದು. ಇವಕ್ಕೆ ಹುಮಾ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟಿರುವ ಹೆಸರುಗಳು ಅಚ್ಚಗನ್ನಡದವು: ಹೇಳಿನೋಡು, ಕಾದುನೋಡು, ಕೇಳಿನೋಡು.

“ಕೆಲಸ ಹೇಳೂದು ಯಾರಿಗೂ ಬರ್ತೈತ್ರಿ,” ಎನ್ನುತ್ತಾರೆ ಹುಮಾ. “ಹೇಳಿದ್ದು ಆತೋ ಇಲ್ಲೋ ಅಂತ ನಿಂತು ಕೇಳಬೇಕಲ್ಲ, ಅದ ಯಾರಿಗೂ ಬ್ಯಾಡಾಗೈತಿ. ಪ್ರೋಗ್ರಾಂ ಮುಗದ ಮ್ಯಾಲ ಒಂದು ನಂಬರ್ ಕೊಡ್ತೈತಿ. ಸೊನ್ನಿ ಕೊಟ್ರ ಎಲ್ಲಾ ಛಲೋ. ಬ್ಯಾರೆ ಏನ ಕೊಟ್ರೂ ಏನೋ ಎಡವಟ್ಟಾಗೇತಿ ಅಂತ ಅರ್ಥ. ಅವಾಗ ನಮ್ಮ ಫಂಕ್ಷನ್ ಎಲ್ಲಾ ಅಲ್ಲೇ ನಿಲ್ಲಿಸಿ ಸೈರನ್ ಹೊಡೀತೈತಿ.”

ಈ ಸೊನ್ನೆಯ ಲೆಕ್ಕ ಹುಮಾರ ತಾಯಿ ಶಹಜಹಾನಬೇಗಂ ಅವರಿಗೆ ಇವತ್ತಿಗೂ ಒಗ್ಗಿಲ್ಲ. “ಸಾಲ್ಯಾಗ ಸೊನ್ನಿ ತಂದಿದ್ರ ಬಡೀತಿದ್ದೆ,” ಎಂದು ಅವರು ಮನೆಯ ಬಾಗಿಲಲ್ಲಿ ನಿಂತು ನಗುತ್ತಾರೆ. “ಈಗ ನಾಲ್ಕು ಸೊನ್ನಿ ಬಂದುವು ಅಂತ ಖುಷಿಲೇ ಮನಿಗೆ ಬರ್ತಾಳ. ಓಣ್ಯಾಗಿನ ಮಂದಿ ಮಗಳು ಏನ್ ಮಾಡ್ತಾಳಂತ ಕೇಳಿದ್ರ, ಹಾಲಿನ ಬಟನ್ ಒತ್ತತಾಳ ಅಂತ ಹೇಳಿಬಿಡ್ತೇನ್ರಿ.”

ಕೆಲಸ ಶುರುವಿನಲ್ಲೇ ಹದಕ್ಕೆ ಬರಲಿಲ್ಲ. ಮೊದಲ ಪೆಟ್ಟು ತಿಂದವರು ಕೇಶ್ವಾಪುರದ ಹಾಲಿನ ಏಜೆಂಟ್ ಕಾಸಿಮಸಾಬ. ಆರ್ಡರ್ ಪಟ್ಟಿಯಲ್ಲಿ ಅವರ ಹೆಸರನ್ನು ಯಾರೋ ನಡುವೆ ಜಾಗ ಬಿಟ್ಟು ‘ಕಾಸಿಮ ಸಾಬ’ ಎಂದು ಬರೆದಿದ್ದರು. ಹುಮಾರ ಸ್ಕ್ರಿಪ್ಟ್ ಆ ಹೆಸರನ್ನು ಹಾಗೆಯೇ ದಾಟಿಸಿತು. ಗಾಡಿ ಹಂಚುವ ಪ್ರೋಗ್ರಾಂ ನಡುವಿನ ಜಾಗ ನೋಡಿ, ಇವು ಎರಡು ಅಂಗಡಿ ಎಂದು ತಿಳಿಯಿತು. ಅಂಥ ಹೆಸರಿನ ಅಂಗಡಿ ಎರಡೂ ಅದರ ಪಟ್ಟಿಯಲ್ಲಿರಲಿಲ್ಲ. ಗೊತ್ತಿಲ್ಲದ ಅಂಗಡಿ ಎಂದರೆ ಹೊಸ ಗಿರಾಕಿ, ಹೊಸ ಗಿರಾಕಿಗೆ ಧಾರಾಳವಾಗಿ ಮೊಸರು ಕಳಿಸುವುದು ಅದರ ಪದ್ಧತಿ. ಆ ದಿನ ಕೇಶ್ವಾಪುರದ ಗಾಡಿಯ ಮೇಲಿದ್ದವರು ಇದೇ ಸೋಮಪ್ಪ. ಅಂಗಡಿ ಮುಂದೆ ಮೊಸರಿನ ಕ್ರೇಟುಗಳನ್ನು ಎರಡು ಗುಡ್ಡೆ ಹಾಕಿದರು.

“ಇದು ಕಾಸಿಮಗ, ಇದು ಸಾಬಗ,” ಎಂದರು ಚೀಟಿ ಓದಿ.

“ನಾ ಒಬ್ಬನ ಅದೇನೊ ಮಾರಾಯಾ,” ಎಂದರು ಕಾಸಿಮಸಾಬ.

“ಚೀಟ್ಯಾಗ ಇಬ್ಬರದೀರಿ. ಇಬ್ಬರೂ ಸಹಿ ಮಾಡ್ರಿ.”

ಆ ವಾರವೆಲ್ಲ ಕೇಶ್ವಾಪುರದ ಆ ಓಣಿಯಲ್ಲಿ ಯಾರ ಮನೆಗೆ ಹೋದರೂ ಮಜ್ಜಿಗೆ ಕೊಡುತ್ತಿದ್ದರಂತೆ. ಹುಮಾ ಮರುದಿನವೇ ‘ಗಂಟುಕಟ್ಟು’ ಎಂಬ ಫಂಕ್ಷನ್ ಬರೆದರು. ಹೆಸರಿನಲ್ಲಿ ಎಷ್ಟೇ ಜಾಗವಿರಲಿ, ಅದು ಒಂದೇ ಗಂಟು ಮಾಡಿ ದಾಟಿಸುತ್ತದೆ. ಅಲ್ಲಿಂದೀಚೆಗೆ ಕಾಸಿಮಸಾಬರು ಒಬ್ಬರೇ ಆಗಿ ಉಳಿದಿದ್ದಾರೆ.

ಆದರೆ ಡೇರಿಯಲ್ಲಿ ಜನ ಇವತ್ತಿಗೂ ಹೇಳಿಕೊಂಡು ನಗುವುದು ರಂಜಾನ್ ಹಬ್ಬದ ಕಥೆಯನ್ನು. ಆಗ ಯಾರೂ ನಕ್ಕಿರಲಿಲ್ಲ.

ಡೇರಿಯ ಮ್ಯಾನೇಜರ್ ಶಶಿಕುಮಾರ ಸೈರನ್ನಿಗೆ ಬೇಸತ್ತವರು. ಗಾಡಿ ತಡವಾದರೆ ಏಜೆಂಟರು ಫೋನ್ ಮಾಡಿ ತರಾಟೆಗೆ ತೆಗೆದುಕೊಳ್ಳುವುದು ಅವರನ್ನೇ. ಹಬ್ಬಕ್ಕೆ ಹುಮಾ ರಜೆ ಕೇಳಿದಾಗ ಅವರಿಗೆ ದಿಗಿಲಾಯಿತು.

“ನೀವಿಲ್ಲದಾಗ ಅದು ನಿಂತ್ರ ನಾ ಏನ್ ಮಾಡ್ಲಿ? ಏನ ಆಗಲಿ, ಮುಂದ ಹೋಗು ಅಂತ ಅದಕ್ಕ ಹೇಳಿಹೋಗ್ರಿ,” ಎಂದರು.

ಹುಮಾ ಒಪ್ಪಲಿಲ್ಲ. ಶಶಿಕುಮಾರ ಮತ್ತೆ ಕೇಳಿದರು. ಕೊನೆಗೆ ಹುಮಾ ಫಂಕ್ಷನ್ನಿನಲ್ಲಿ ಒಂದೇ ಒಂದು ಸಾಲು ಬದಲಿಸಿದರು. ಸೊನ್ನೆ ಬರದಿದ್ದರೂ ನಿಲ್ಲಬೇಡ, ಮುಂದಿನದನ್ನು ಕರೆ. “ರಜಾ ಸಿಗತೈತಲ್ಲ ಅಂತ ನನಗೂ ಆಸೆ ಇತ್ತು, ಸುಳ್ಳು ಯಾಕ ಹೇಳ್ಲಿ,” ಎನ್ನುತ್ತಾರೆ.

ಸಂಜೆ ಚಂದ್ರ ಕಂಡಿತು. ಮರುದಿನವೇ ಹಬ್ಬ ಎಂದು ಖಾತ್ರಿಯಾದದ್ದೇ ತಡ, ಏಜೆಂಟರೆಲ್ಲ ಮೊಬೈಲಿನಲ್ಲಿ ದೊಡ್ಡ ದೊಡ್ಡ ಆರ್ಡರ್ ಹಾಕಿದರು. ನಸುಕಿನಲ್ಲಿ ಶಶಿಕುಮಾರ ತಾವೇ ಕಂಪ್ಯೂಟರ್ ಮುಂದೆ ಕೂತರು. ಸೈರನ್ ಆಗಲಿಲ್ಲ. ಚೀಟಿಗಳು ಸರಸರ ಬಂದವು. ಗಾಡಿಗಳು ಎಂದಿಗಿಂತ ಮೊದಲೇ ಹೊರಟವು. ಅವರು ಹಿಗ್ಗಿ ಹುಮಾರಿಗೆ ಸಂದೇಶ ಕಳಿಸಿದರು: ‘ಎಲ್ಲ ಗಾಡಿ ಟೈಮಿಗೆ ಹೋದವು. ಈದ್ ಮುಬಾರಕ್.’

ಹುಮಾರ ಮನೆಯಲ್ಲಿ ಹಬ್ಬದ ಪಾಯಸ ಸುರಕುಂಬಾಕ್ಕೆ ಸಿದ್ಧತೆ ನಡೆದಿತ್ತು. ಶಾವಿಗೆ ಹುರಿದಾಗಿತ್ತು, ಒಣ ಖರ್ಜೂರ, ಗೋಡಂಬಿ ತುಪ್ಪದಲ್ಲಿ ಘಮಘಮ ಎನ್ನುತ್ತಿದ್ದವು. ಹಾಲು ಬರಬೇಕಿತ್ತು ಅಷ್ಟೆ. ಬಂದದ್ದು ಕಾಸಿಮಸಾಬರ ಫೋನು.

“ಹುಮಾ, ಈ ಸಲ ನೀ ನನ್ನ ಎರಡು ತುಂಡು ಮಾಡಿದ್ರೂ ನಾ ಬ್ಯಾಡ ಅಂತಿದ್ದಿಲ್ಲವಾ. ನಿನ್ನಿ ಕಳಿಸಿದಷ್ಟ ಹಾಲು ಕಳಸೀರಿ. ಅದು ಆಗಲೇ ಖಾಲಿ ಆತು. ಅಂಗಡಿ ಮುಂದ ಮಂದಿ ಪಾತೇಲಿ ಹಿಡಕೊಂಡು ನಿಂತಾರ.”

ಫೋನಿನ ಮಾತು ಶಹಜಹಾನಬೇಗಂ ಅವರ ಕಿವಿಗೂ ಬಿತ್ತು. ಅವರು ಸೌಟು ಹಿಡಿದೇ ಮಗಳನ್ನು ನೋಡಿದರು. “ಬಟನ್ ಸರಿಯಾಗಿ ಒತ್ತಿಲ್ಲೇನು?”

ಹುಮಾ ಹಬ್ಬದ ಹೊಸ ಬಟ್ಟೆಯಲ್ಲೇ ಸ್ಕೂಟಿ ಹತ್ತಿದರು. ಡೇರಿ ಮುಟ್ಟಿದವರೇ ‘ಕೇಳಿನೋಡು’ ಫಂಕ್ಷನ್ ಬರೆದಿಟ್ಟದ್ದನ್ನು ತೆರೆದು ಗಟ್ಟಿಯಾಗಿ ಓದಿದರು: ‘ಆರ್ಡರ್ ಪ್ರೋಗ್ರಾಂ ಉತ್ತರಿಸಲಿಲ್ಲ. ಕಾದು ಅದನ್ನು ನಿಲ್ಲಿಸಲಾಗಿದೆ. ಮುಂದುವರಿಯಲಾಗಿದೆ.’

“ಮುಂದುವರಿಯಲಾಗಿದೆ ಅಂತ ಐತಲ್ರಿ ಮತ್ತ?” ಎಂದರು ಶಶಿಕುಮಾರ, ಇನ್ನೂ ಸಮಾಧಾನದಲ್ಲೇ.

“ನಿನ್ನಿ ಆರ್ಡರ್ ಹಿಡಕೊಂಡು ಮುಂದ ಹೋಗೇತ್ರಿ ಸರ್. ಹಬ್ಬದ ಆರ್ಡರ್ ಬಂದ ಇಲ್ಲ.”

ಹುಮಾ ಆರ್ಡರ್ ಪ್ರೋಗ್ರಾಂ ಒಂದನ್ನೇ ಕೈಯಾರೆ ಎಬ್ಬಿಸಿದರು. ಅದು ಎದ್ದು ಒಂದು ಪ್ರಶ್ನೆ ಕೇಳಿತು: ಹೊಸ ಆವೃತ್ತಿ ಬಂದಿದೆ, ಈಗಲೇ ಹಾಕಿಕೊಳ್ಳಲೇ, ಹೌದೋ ಇಲ್ಲವೋ? ಬೆಳಿಗ್ಗೆಯೂ ಇದನ್ನೇ ಕೇಳಿತ್ತು. ಸ್ಕ್ರಿಪ್ಟಿನ ಒಳಗಿನಿಂದ ಕರೆದಾಗ ಅದರ ಪ್ರಶ್ನೆ ಪರದೆಯ ಮೇಲೆ ಬರುವುದಿಲ್ಲ. ಪಾಪ, ಯಾರಾದರೂ ಹೇಳಿಯಾರು ಎಂದು ಕಾದು ಕೂತಿತ್ತು. ಪಕ್ಕದಲ್ಲೇ ಶಶಿಕುಮಾರ ಚಹಾ ಕುಡಿಯುತ್ತಿದ್ದರು. ಹುಮಾ ‘ಇಲ್ಲ’ ಒತ್ತಿದರು. ಹಬ್ಬದ ಆರ್ಡರುಗಳು ದಬದಬ ಬಂದು ಬಿದ್ದವು.

ಅಷ್ಟರಲ್ಲಿ ಸೋಮಪ್ಪ ಫೋನ್ ಮಾಡಿದರು. ಅವರು ಧಾರವಾಡದಾಚೆ ಮುಗದ ಎಂಬ ಹಳ್ಳಿಯಲ್ಲಿದ್ದರು. ಹಿಂದಿನ ದಿನ ಅಲ್ಲಿ ಹುಚ್ಚಪ್ಪ ಎಂಬ ರೈತರ ಮನೆಯಲ್ಲಿ ಮದುವೆ, ಮೊಸರಿನ ದೊಡ್ಡ ಆರ್ಡರ್ ಇತ್ತು. ನಿನ್ನೆಯ ಚೀಟಿಯೇ ಇವತ್ತೂ ಬಂದದ್ದರಿಂದ ಮೊಸರೂ ಮತ್ತೊಮ್ಮೆ ಹೋಗಿತ್ತು. ಬೀಗರ ಊಟ ಇರಬೇಕೆಂದುಕೊಂಡು ಸೋಮಪ್ಪ ಕ್ರೇಟು ಇಳಿಸತೊಡಗಿದ್ದರು. ಹುಚ್ಚಪ್ಪನವರೇ ಫೋನ್ ಇಸಿದುಕೊಂಡರು.

“ನೋಡ್ರಿ ತಂಗಿ, ಮದುವಿ ನಿನ್ನೆ ಮುಗೀತು. ಹುಡುಗಿ ಗಂಡನ ಮನಿಗೆ ಹೋದಳು. ಪೆಂಡಾಲ ಬಿಚ್ಚಾಕತ್ತಾರ. ಈ ಮೊಸರು ತಗೊಂಡು ನಾ ಇನ್ನೊಂದು ಮದುವಿ ಮಾಡ್ಲೇನು?”

ಹುಮಾ ತಪ್ಪಾಯಿತೆಂದು ಹೇಳಿ ಕ್ರೇಟುಗಳನ್ನು ವಾಪಸು ಕೊಡಲು ಕೇಳಿಕೊಂಡರು. ಹುಚ್ಚಪ್ಪ ಒಪ್ಪಿ ಹೇಳಿದರು: “ಒಂದ್ ಕ್ರೇಟ್ ಇಲ್ಲೇ ಇರಲಿ ಬಿಡ್ರಿ. ಅನ್ನ ಭಾಳ ಉಳದೈತಿ.”

ಪುಣ್ಯಕ್ಕೆ ಹಬ್ಬದ ಹಾಲು ಕೋಲ್ಡ್ ರೂಮಿನಲ್ಲೇ ಇತ್ತು. ಇಲ್ಲದಿದ್ದದ್ದು ಗಾಡಿ. ಎಲ್ಲವೂ ಊರ ತುಂಬ ಚೆದುರಿದ್ದವು. ಶಶಿಕುಮಾರ ಹೊರಗೆ ಹೋದರು, ತಮ್ಮ ಹೊಸ ಕಾರಿನ ಹಿಂದಿನ ಸೀಟು ಮಡಚಿದರು, ಅಂಗಿಯ ತೋಳು ಮೇಲೇರಿಸಿ ತಾವೇ ಕ್ರೇಟು ಹೊತ್ತರು. ಹುಮಾ ಹೊಸ ಚೀಟಿ ತೆಗೆದು ಡ್ರೈವರುಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ತಿರುಗಿ ಕರೆಸಿದರು. ಈದ್ಗಾದಲ್ಲಿ ನಮಾಜು ಮುಗಿಸಿ ಜನ ಮನೆಗೆ ಬರುವ ಹೊತ್ತಿಗೆ ಕಾಸಿಮಸಾಬರ ಅಂಗಡಿ ಮುಂದೆ ಮ್ಯಾನೇಜರ್ ಸಾಹೇಬರು ನಿಂತು, ಪಾತೇಲಿ ಹಿಡಿದವರಿಗೆಲ್ಲ ಹಾಲಿನ ಪಾಕೀಟು ಹಂಚುತ್ತಿದ್ದರು.

ಶಿಕ್ಷೆ ಆಮೇಲೆ ಬಂತು. ಹಾಲು ತಂದವರನ್ನು ಬಾಯಿ ಸಿಹಿ ಮಾಡದೆ ಕಳಿಸುವುದುಂಟೆ? ಮನೆಮನೆಯಿಂದ ಸುರಕುಂಬಾದ ಬಟ್ಟಲು ಬಂದವು. ಒಬ್ಬರದ್ದು ಕುಡಿದು ಇನ್ನೊಬ್ಬರದ್ದು ಬಿಟ್ಟರೆ ಬೇಸರ. ಮಧ್ಯಾಹ್ನದ ಹೊತ್ತಿಗೆ ಶಶಿಕುಮಾರ ಅಂಗಡಿಯ ಬೆಂಚಿನಿಂದ ಏಳಲಾರದೆ, ಬಟ್ಟಲು ಕಂಡರೆ ಕೈಮುಗಿಯುತ್ತಿದ್ದರು. ಕೊನೆಯ ಬಟ್ಟಲು ತಂದವರು ಶಹಜಹಾನಬೇಗಂ. ಅದನ್ನು ನಿರಾಕರಿಸುವ ಧೈರ್ಯ ಶಶಿಕುಮಾರರಿಗಿರಲಿಲ್ಲ.

ಸೀಟಿಗೆ ಚೆಲ್ಲಿದ ಹಾಲಿನ ಹುಳಿ ವಾಸನೆ ಕಾರಿನಿಂದ ಬಹುಕಾಲ ಹೋಗಲಿಲ್ಲ. ಶಶಿಕುಮಾರ ಈಗ ಸೈರನ್ನಿನ ಪಕ್ಷ. “ನಿಂತ್ರ ಬೈಸ್ಕೊಂಡ್ರಾತು,” ಎನ್ನುತ್ತಾರೆ. “ನಿಲ್ಲಲಾರದ ತಪ್ಪು ದಾರಿ ಹಿಡದು ಹ್ವಾದ್ರ, ಮುಗದಕ್ಕ ಹೋಗಿ ಮುಟ್ಟತೈತಿ.” ಹುಮಾ ಬದಲಿಸಿದ್ದ ಸಾಲನ್ನು ಮೊದಲಿನಂತೆ ಮಾಡಿದ್ದಾರೆ. ಜೊತೆಗೆ ಹೊಸದೊಂದು ಫಂಕ್ಷನ್ ಸೇರಿಸಿದ್ದಾರೆ. ಯಾವ ಪ್ರೋಗ್ರಾಂ ಕೂತು ಏನೇ ಪ್ರಶ್ನೆ ಕೇಳಿದರೂ ಅದು ‘ಇಲ್ಲ’ ಎಂದು ಉತ್ತರಿಸಿ, ಕೇಳಿದ್ದನ್ನು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ. “ನನಗ ಎದುರಿಗೆ ಇಲ್ಲ ಅನ್ನಾಕ ಬರಾಂಗಿಲ್ರಿ. ಅದಕ್ಕರ ಬರಲಿ,” ಎನ್ನುತ್ತಾರೆ ಅವರು.

ಸ್ವೆಟರ್ ಕಳಚಿ ಮಡಚುತ್ತ ಹುಮಾ ಒಂದು ಸುದ್ದಿ ಹೇಳುತ್ತಾರೆ. ಗದಗದ ಕಡೆಯ ಸಣ್ಣ ಡೇರಿಯೊಂದರಲ್ಲಿ ಮಯೂರಿ ಎಂಬ ಹುಡುಗಿ ಇದೇ ಕೆಲಸಕ್ಕೆ ಸೇರಿದ್ದಾಳೆ. ಹುಮಾ ತಮ್ಮ ಫಂಕ್ಷನ್‌ಗಳನ್ನೆಲ್ಲ ಅವಳಿಗೆ ಕಳಿಸಿಕೊಟ್ಟಿದ್ದರು. ಮೊನ್ನೆ ಬೆಳಿಗ್ಗೆ ಅವಳ ಫೋನ್ ಬಂತು.

“‘ಅಕ್ಕಾರ, ನಿಮ್ಮ ಫಂಕ್ಷನ್ ನಮ್ಮ ಕೆಲಸಾನೆಲ್ಲಾ ನಿಲ್ಲಿಸಿಬಿಟ್ಟೈತ್ರಿ’ ಅಂತ ಸಿಟ್ಟಲೇ ಅಂದಳು. ‘ಯಾಕ ನಿಂತೈತಿ ಅಂತ ಬರದಿರತೈತಿ, ಓದವಾ’ ಅಂದೆ. ಓದಿದ್ಲು. ಮೊಸರಿನ ಲೆಕ್ಕದ ಫೈಲ್ ಅರ್ಧ ಮರ್ಧ ಬಂದಿತ್ತಂತ.”

ಹುಮಾ ಸ್ಕೂಟಿಯ ಕೀಲಿ ಹುಡುಕುತ್ತಾರೆ. ಆಮೇಲೆ ಏನೋ ನೆನಪಾದಂತೆ ತಮ್ಮಷ್ಟಕ್ಕೆ ನಗುತ್ತಾರೆ.

“ಆ ಊರು ನಾ ಕಂಡಿಲ್ರಿ. ಅಲ್ಲಿ ಯಾರಿಗೂ ನಾ ಗೊತ್ತಿಲ್ಲ. ಆದ್ರೂ ನನ್ನ ಫಂಕ್ಷನ್ ನಿಲ್ಲಬೇಕಾದ ಕಡೆ ಬರೋಬ್ಬರಿ ನಿಂತೈತಿ ನೋಡ್ರಿ.”