ಕೆಂಪು ಉರಿದುಹೋದ ಚಕ್ರ

ಅರಗು ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಬಲಗಿವಿಯ ಮೇಲಕ್ಕೆ ಹೋಗುತ್ತದೆ. ಅಲ್ಲಿ ಅಂಗೈಯಗಲ ಜಾಗದಲ್ಲಿ ಕೂದಲಿಲ್ಲ. ಚನ್ನಪಟ್ಟಣದಲ್ಲಿ ಹುಟ್ಟಿದವರಿಗೆ ಅರಗಿನ ವಾಸನೆ ಎಂದರೆ ಬೊಂಬೆ, ಬಣ್ಣ. ನನಗೆ ಮಾತ್ರ ಅದು ಒಲೆಯ ವಾಸನೆ. ನಮ್ಮ ಮನೆಯ ಮ್ಯೂಸಿಯಮ್ಮನ್ನು ಒಲೆಗಿಟ್ಟು ಮುದ್ದೆ ಬೇಯಿಸಿಕೊಂಡು ಉಂಡವರು ನಾವು. ನಿಮ್ಮ ಮನೆಯಲ್ಲೂ ಯಾರದೋ ಸಿಟ್ಟಿಗೆ ಸಿಕ್ಕಿ ಹೋದ ವಸ್ತು ಒಂದಾದರೂ ಇದ್ದೀತು. ಇದ್ದರೆ ನನ್ನ ಸಂಕಟ ನಿಮಗೆ ತಿಳಿಯುತ್ತದೆ.

ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಮದುವೆಯಾಗದೆ ನಮ್ಮ ಜೊತೆಗೇ ಇದ್ದ. ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಅಪ್ಪ ಹಿತ್ತಲಿನಲ್ಲಿ ಬೊಂಬೆ ಕಡೆಯುತ್ತಿದ್ದ. ಇಬ್ಬರಿಗೂ ಕೋಪ ಮೂಗಿನ ತುದಿಯಲ್ಲಿ. ಬೀದಿ ಕಡೆಯ ಪಡಸಾಲೆಯನ್ನು ದೊಡ್ಡಪ್ಪ ಮಕ್ಕಳ ಮ್ಯೂಸಿಯಂ ಮಾಡಿದ್ದ. ಅಲ್ಲಿ ಕೈಕಟ್ಟಿ ನಿಲ್ಲುವವರಿಗೆ ಜಾಗವಿರಲಿಲ್ಲ. ಬಿಸಿನೀರಲ್ಲಿ ತೇಲುವ ರೇಷ್ಮೆಗೂಡಿನ ಎಳೆ ಹುಡುಕಿ ಎಳೆಯಬೇಕು, ಬೆರಳು ಚುರುಗುಟ್ಟಿದರೂ ಬಿಡಬಾರದು. ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಕಾವಿಗೇ ಬಣ್ಣ ಕರಗಿ ಹಿಡಿಯುವುದನ್ನು ನೋಡಬೇಕು. ಕೆಂಗಲ್ ಹನುಮಂತರಾಯನ ಗುಡಿಗೆ ಬಂದಿದ್ದ ದೊಡ್ಡ ಮನುಷ್ಯರೊಬ್ಬರು ಒಮ್ಮೆ ಒಳಗೆ ಬಂದು, ಮುಟ್ಟಬೇಡ ಎಂದು ತಮ್ಮ ಮಗುವಿನ ಕೈಮೇಲೆ ಹೊಡೆದರು. ದೊಡ್ಡಪ್ಪ ಅವರ ಕೊರಳಪಟ್ಟಿ ಹಿಡಿದು ಬೀದಿಗೆ ನೂಕಿ, ಮಗುವನ್ನು ಮಾತ್ರ ಒಳಗಿಟ್ಟುಕೊಂಡ. "ಮುಟ್ದೆ ಇದ್ರೆ ಅದ್ಯಾವ ಸೀಮೆ ಕಲಿಕೆ" ಎಂದು ಬೀದಿಗೆಲ್ಲ ಕೇಳುವಂತೆ ಬೈದ. ಆ ಒರಟನೆಂದರೆ ನನಗೆ ಪ್ರಾಣ.

ಎಲ್ಲಕ್ಕಿಂತ ಹೆಚ್ಚಿನದು ಬಣ್ಣದ ಚಕ್ರ. ಅಪ್ಪ ಕಡೆದುಕೊಟ್ಟ ಹಾಲೆಮರದ ಬಿಲ್ಲೆಯನ್ನು ದೊಡ್ಡಪ್ಪ ಏಳು ಹೋಳು ಮಾಡಿ, ಒಂದೊಂದಕ್ಕೆ ಒಂದೊಂದು ಬಣ್ಣದ ಅರಗು ಹಿಡಿಸಿ, ಮತ್ತೆ ಜೋಡಿಸಿ ಹಳೇ ಸೈಕಲ್ ಚಕ್ರಕ್ಕೆ ಕಟ್ಟಿದ್ದ. ಪೆಡಲನ್ನು ಕೈಯಲ್ಲಿ ಜೋರಾಗಿ ತಿರುಗಿಸಿದರೆ ಏಳೂ ಬಣ್ಣ ಮಾಯವಾಗಿ ಚಕ್ರ ಬೆಳ್ಳಗಾಗುತ್ತಿತ್ತು. ಒಂದು ಶನಿವಾರ ದೊಡ್ಡಮಳೂರಿನ ಮಕ್ಕಳು ಪೆಡಲು ತಿರುಗಿಸುತ್ತಿದ್ದರು. ಕೆಂಪು ಎಲ್ಲಿ ಹೋಗುತ್ತದೆಂದು ನೋಡಲು ನಾನು ಬಗ್ಗಿದೆ. ಜಡೆ ಚೈನಿಗೆ ಸಿಕ್ಕಿತು. ದೊಡ್ಡಪ್ಪ ಉಳಿಯಿಂದ ಜಡೆ ಕತ್ತರಿಸುವಷ್ಟರಲ್ಲಿ ಕೂದಲ ಜೊತೆ ತಲೆಯ ಚರ್ಮವೂ ಕಿತ್ತು ಬಂದಿತ್ತು. ಬಿಳಿಯ ಚಕ್ರದ ಮೇಲೆ ನನ್ನ ರಕ್ತ ಎರಚಿದ್ದನ್ನು ನಾನೇ ಕಂಡೆ.

ಕಿರುಚಾಟ ಕೇಳಿ ಅಪ್ಪ ಸೌದೆ ಕೊಡಲಿ ಹಿಡಿದೇ ಬಂದ. ಅವ್ವ ನನ್ನ ತಲೆಗೆ ಕಾಫಿಪುಡಿ ಒತ್ತುತ್ತಿದ್ದಳು. "ಇವಳ ತಲೆ ಏನು ನಿನ್ನ ಆಟದ ಸಾಮಾನಾ?" ಎಂದವನು ಉತ್ತರಕ್ಕೆ ಕಾಯಲಿಲ್ಲ. ಮಕ್ಕಳು ಕಣ್ಣಿಗೆ ಹಿಡಿದು ನೋಡುತ್ತಿದ್ದ ಮಸೂರಗಳು ಚೂರಾದವು, ಬಿಸಿನೀರಿನ ಬೋಗುಣಿ ಸೀಳಿತು, ರೇಷ್ಮೆಗೂಡುಗಳು ನೆಲದ ಮೇಲೆ ಕಾಲಡಿ ಪಚಪಚ ಎಂದವು. ದೊಡ್ಡಪ್ಪ ಎಲ್ಲವನ್ನೂ ಸುಮ್ಮನೆ ನೋಡುತ್ತಿದ್ದ. ಕೊಡಲಿ ಚಕ್ರದ ಕಡೆ ತಿರುಗಿದಾಗ ಮಾತ್ರ ಅಡ್ಡ ಹೋಗಿ ತಬ್ಬಿಕೊಂಡ. "ನನ್ನ ಹೊಡಿಯಲೇ, ಇದ ಮುಟ್ಬ್ಯಾಡ ಕಣ್ಲಾ" ಅಂದ. ಅಪ್ಪ ಎರಡನ್ನೂ ಹೊಡೆದ. ಕೊಡಲಿಯ ಹಿಂಬದಿ ಬಿದ್ದದ್ದು ದೊಡ್ಡಪ್ಪನ ಬಲಗೈ ಮಣಿಕಟ್ಟಿಗೆ. ಒಣ ಪುಳ್ಳೆ ಮುರಿದಂಥ ಸದ್ದು. ಅವನು ಚಿತ್ರ ಬರೆಯುತ್ತಿದ್ದ ಕೈ ಅದು.

ಕೈಗೆ ಕಟ್ಟು ಹಾಕಿಸಿಕೊಂಡು ದೊಡ್ಡಪ್ಪ ಮಾಗಡಿಯ ಬಸ್ಸು ಹತ್ತಿದ. ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಮುರಿದ ಮರವನ್ನೆಲ್ಲ ಅವ್ವ ಒಲೆಗೆ ಹಾಕಿದಳು. ಅರಗು ಚಟಚಟ ಉರಿದು ಅಡುಗೆಮನೆ ತುಂಬ ಕರಿಹೊಗೆ. ಅಪ್ಪ ಉಣ್ಣುತ್ತ ತಲೆ ಎತ್ತಲಿಲ್ಲ. ಅಪ್ಪನನ್ನು ನಾನು ವರ್ಷಗಟ್ಟಲೆ ದ್ವೇಷಿಸಿದೆ. ನನಗಾಗಿಯೇ ಅವನು ಹುಚ್ಚನಾದನೆಂಬುದು ಗೊತ್ತಿದ್ದೂ ದ್ವೇಷಿಸಿದೆ.

ಎಷ್ಟೋ ವರ್ಷಗಳ ಮೇಲೆ, ದೊಡ್ಡಪ್ಪನ ಮಣ್ಣಿಗೆ ಹೋಗಿ ಬಂದ ದಿನ ಅಪ್ಪ ಸ್ನಾನ ಮಾಡಿ, ಅಟ್ಟದಿಂದ ಒಂದು ಗೋಣಿಚೀಲ ಇಳಿಸಿದ. ಚಕ್ರದ ಹೋಳುಗಳನ್ನು ಅವನು ಒಲೆಯ ಬಾಯಿಂದ ಎತ್ತಿಟ್ಟಿದ್ದನಂತೆ. ಕೆಂಪು ಮಾತ್ರ ಅಷ್ಟರಲ್ಲೇ ಉರಿದುಹೋಗಿತ್ತು. ಖಾಲಿ ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಅದೇ ಹಳೇ ಸೈಕಲ್ ಚಕ್ರಕ್ಕೆ ಕಟ್ಟಿ, ತಿರುಗಿಸು ಎಂದು ನನ್ನನ್ನು ಕರೆದ. ನಾನು ಸೆರಗಿನಿಂದ ತಲೆ ಬಿಗಿದುಕೊಂಡು ತಿರುಗಿಸಿದೆ. ಚಕ್ರ ಓಲಾಡುತ್ತ ಓಡಿತು, ಕೆಂಪಿನ ಖಾಲಿ ಜಾಗ ತುಂಬಿದಂತೆಯೇ ಕಂಡಿತು, ಆದರೆ ಹಸಿರಿಗೆ ತಿರುಗಿದ ಬಣ್ಣ.

"ಬೆಳ್ಳಗಾಗಕ್ಕಿಲ್ವಲ್ಲವ್ವ" ಅಂದ ಅಪ್ಪ.

"ಒಂದು ಹೋಳು ಕಡ್ದು ಕೆಂಪು ಹಾಕಪ್ಪ. ನಿಂಗೇನ್ ಬರಕ್ಕಿಲ್ವಾ?"

"ನಾನ್ ಹಾಕುದ್ರೆ ಅಣ್ಣನ ಕೆಂಪಾಯ್ತದಾ?"

ಅಷ್ಟು ಹೊತ್ತಿಗೆ ಚಕ್ರ ನಿಧಾನವಾಗಿ, ಖಾಲಿ ಜಾಗ ಕಾಣತೊಡಗಿತು. ಅಪ್ಪ ಮುಖ ಆಚೆ ತಿರುಗಿಸಿದ.

"ನಿಲ್ಲಿಸ್ಬ್ಯಾಡ ಕಣವ್ವ, ಇನ್ನೊಂದೊಸಿ ತಿರುಗ್ಸು" ಅಂದ.