ರೇಡಿಯೋ ಮಾವ ನೀರಿಗಿಳಿದದ್ದು

ರೇಡಿಯೋ ಮಾವನಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿರಲಿಲ್ಲ. ಇದ್ದರೂ ಅವರು ಒಪ್ಪಿಕೊಳ್ಳುತ್ತಿರಲಿಲ್ಲ. ಮೂವತ್ತು ವರ್ಷ ಇಕ್ಕಟ್ಟಾದ ಅಂಗಡಿಯಲ್ಲಿ ಕೂತು ಊರವರ ರೇಡಿಯೋಗಳ ಹೊಟ್ಟೆ ಬಿಚ್ಚಿದವರು. ರೇಡಿಯೋ ಕೇಳುವವರೇ ಇಲ್ಲವಾದ ಮೇಲೆ ಅಂಗಡಿ ಮುಚ್ಚಿದರು, ಬಾಯಿ ಮುಚ್ಚಲಿಲ್ಲ. ಬೀದಿಯಲ್ಲಿ ಯಾರ ನಲ್ಲಿ ಸೋರಿದರೂ, ಯಾರ ಮಗು ಅತ್ತರೂ ಮಾವನ ತೀರ್ಪು ಸಿದ್ಧವಾಗಿರುತ್ತಿತ್ತು.

ಇಳಿವಯಸ್ಸಿನಲ್ಲಿ ಅಂಟಿದ ಹುಚ್ಚು ಲೋಹ ಹುಡುಕುವ ಯಂತ್ರದ್ದು. ಉದ್ದನೆಯ ಕೋಲು, ತುದಿಗೊಂದು ತಟ್ಟೆ, ಹಿಡಿಯ ಹತ್ತಿರ ಪುಟ್ಟ ಪೆಟ್ಟಿಗೆ. ಲೋಹ ಸಿಕ್ಕರೆ ಕಿವಿಯಲ್ಲಿ ಕುಂಯ್ ಎನ್ನುತ್ತದೆ. ಜೊತೆಗೆ ಎರಡು ಹೆಡ್‌ಫೋನ್ ಬಂದಿದ್ದವು. ವೈರಿನದನ್ನು ಹಾಕಿಕೊಂಡರೆ ಮುದುಕನ ಹಾಗೆ ಕಾಣುತ್ತೇನೆಂದು ಮಾವ ಅದನ್ನು ಮುಟ್ಟಲೇ ಇಲ್ಲ. ವೈರ್‌ಲೆಸ್ಸನ್ನು ಕಿರೀಟದಂತೆ ಧರಿಸಿದರು. ಸೂಚನೆಯ ಪುಸ್ತಕ ಕುಂಟುವ ಮೇಜಿನ ಕಾಲಡಿ ಹೋಯಿತು. ರೇಡಿಯೋ ಅಲೆಗಳ ಬಗ್ಗೆ ತನಗೇ ಪಾಠವೇ?

ಅಷ್ಟರಲ್ಲಿ ಮಾವನ ಅಕ್ಕನ ಉಂಗುರ ಕಳೆಯಿತು. ಮಗ, ಸೊಸೆಯ ಜೊತೆ ಕೆರೆಗೆ ಈಜಲು ಹೋಗಿದ್ದಾಗ ಸೊಸೆಯ ಕೈಗೆ ಕೊಟ್ಟಿದ್ದೆ, ವಾಪಸ್ ಬರಲಿಲ್ಲ ಎಂದು ಅಕ್ಕ. ಮೆಟ್ಟಿಲ ಮೇಲೇ ಹಿಂದಿರುಗಿಸಿದೆ, ಅತ್ತೆ ಹಾಕಿಕೊಂಡೇ ನೀರಿಗಿಳಿದರು ಎಂದು ಸೊಸೆ. ಮಗರಾಯನಂತೂ ಇಬ್ಬರ ಮುಖ ನೋಡುವ ಬದಲು ಚಪ್ಪಲಿಯ ಮರಳು ಕೊಡವುತ್ತ ಕೂತ. ಎರಡು ದಿನದಲ್ಲಿ ಆ ಮನೆಯ ಬೀರುಗಳಿಗೆಲ್ಲ ಬೀಗ ಬಿತ್ತು. ಇನ್ನು ಸತ್ಯ ಹೇಳಬೇಕಾದವರು ಮಾವ.

ಭಾನುವಾರ ನಾಲ್ವರೂ ಕೆರೆಗೆ ಹೋದರು. ಮಾವ ಯುದ್ಧಕ್ಕೆ ಹೊರಟವರಂತೆ ನೀರಿಗಿಳಿದರು. ಮೊಣಕಾಲುದ್ದ ನೀರಿನಲ್ಲಿ ಕುಂಯ್ ಕುಂಯ್: ಬಾಟಲಿ ಮುಚ್ಚಳ, ಚಮಚ, ಹೇರ್‌ಪಿನ್ನು. ಸೊಂಟ ದಾಟಿ, ಕೋಲಿನ ಜೊತೆ ಪೆಟ್ಟಿಗೆಯೂ ಮುಳುಗಿದ ಮೇಲೆ ಸದ್ದಿಲ್ಲ. ಅರ್ಧ ಗಂಟೆ ಆ ನಿಶ್ಶಬ್ದವನ್ನು ಗಂಭೀರವಾಗಿ ಆಲಿಸಿ ದಡಕ್ಕೆ ಬಂದು, ಆಳದಲ್ಲಿ ಏನೂ ಇಲ್ಲ, ಉಂಗುರ ನೀರಿಗೆ ಬಿದ್ದೇ ಇಲ್ಲ ಎಂದು ತೀರ್ಪು ಕೊಟ್ಟರು. ತನ್ನ ಮತ್ತು ಸೊಸೆಯ ನಡುವೆ ಇದ್ದ ಕೈಚೀಲವನ್ನು ಅಕ್ಕ ಎದೆಗವಚಿಕೊಂಡಳು.

ಸೊಸೆ ಅದನ್ನು ನೋಡಿದಳು.

"ಮಾವ, ದಡದಲ್ಲಿ ಅಷ್ಟೊಂದು ಮುಚ್ಚಳ ಸಿಕ್ತು. ಆಳದಲ್ಲಿ ಒಂದೂ ಇರ್ಲಿಲ್ವಾ?"

ಕುಡಿಯುವವರು ದಡದಲ್ಲೇ ಕೂರುತ್ತಾರೆಂದು ಮಾವ ದೊಡ್ಡ ಮನಸ್ಸಿನಿಂದ ವಿವರಿಸಿದರು. ಅವಳು ಕೇಳಿಸಿಕೊಳ್ಳದೆ ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು, ಎದೆಮಟ್ಟ ನೀರಿಗೆ ಅವರನ್ನು ಕರೆದಳು. ಜೇಬಿನಿಂದ ಒಂದು ಕೀ ತೆಗೆದು ದಡದವರಿಗೂ ಕಾಣುವಂತೆ ಎತ್ತಿ ಹಿಡಿದು, ಮಾವನ ಮುಂದೆಯೇ ಬಿಟ್ಟಳು.

"ಇದನ್ನ ಹುಡುಕಿ."

ಮಾವ ತಟ್ಟೆ ಆಡಿಸಿದರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಹೆಡ್‌ಫೋನ್ ತುಟಿ ಬಿಚ್ಚಲಿಲ್ಲ. ಒಂದು ಹೆಜ್ಜೆ ಇಟ್ಟರು, ಹಿಮ್ಮಡಿಗೆ ಕೀ ಚುಚ್ಚಿತು. ಕಾಲ ಕೆಳಗೆ ಲೋಹ, ಅದರ ಮೇಲೆ ತಟ್ಟೆ, ಕಿವಿಯಲ್ಲಿ ಮಾತ್ರ ಏನೂ ಇಲ್ಲ. ಮುಳುಗಿದ ಪೆಟ್ಟಿಗೆಯಿಂದ ಹೆಡ್‌ಫೋನಿಗೆ ಹೊರಟ ರೇಡಿಯೋ ಅಲೆ ನೀರು ಸೀಳಿಕೊಂಡು ಹೊರಗೆ ಬರುವುದಿಲ್ಲ ಎಂಬುದು ಮೂವತ್ತು ವರ್ಷ ಅದೇ ಕಸುಬು ಮಾಡಿದವರಿಗೆ ಆಗ ನೆನಪಾಯಿತು. ನಾಚಿಕೆಯಿಂದ ಮೈ ಹಿಡಿಯಾಯಿತು. ತಪ್ಪನ್ನು ಬ್ಯಾಟರಿಯ ಮೇಲೆ ಹಾಕಿಬಿಡೋಣ ಎಂದು ಬಾಯಿ ತೆರೆದರು. ಎದುರಿಗಿದ್ದ ಹುಡುಗಿ ರೆಪ್ಪೆ ಮಿಟುಕಿಸದೆ ನಿಂತಿದ್ದಳು.

"ಕೇಳಿಸ್ತೇನೋ?" ಎಂದು ಅಕ್ಕ ದಡದಿಂದ ಕೂಗಿದಳು.

"ಇಲ್ಲ ಅಕ್ಕ. ಕಾಲಿಗೆ ಸಿಗ್ತಿದೆ, ಕಿವಿಗೆ ಕೇಳಿಸ್ತಿಲ್ಲ. ಆಗ್ಲೂ ಹೀಗೇ ಆಗಿರತ್ತೆ. ಉಂಗುರ ಇಲ್ಲೇ ಇರ್ಬೋದು. ನಾನು ಹೇಳಿದ್ದು ತಪ್ಪು."

ಜೀವಮಾನದಲ್ಲಿ ಮೊದಲ ಸಲ ಆ ಮಾತು ಅವರ ಬಾಯಿಂದ ಬಂದಿತ್ತು. ಅಷ್ಟಕ್ಕೇ ಎಲ್ಲ ಸರಿಹೋಯಿತೆಂದುಕೊಂಡು, ಮೂಗು ಹಿಡಿದು ಮುಳುಗಿ, ಕೆಸರು ಮೆತ್ತಿದ ಕೀ ತಂದು ಅವಳತ್ತ ಚಾಚಿದರು. ವೈರಿನ ಹೆಡ್‌ಫೋನ್ ತಂದು ನಾಳೆಯೇ ಉಂಗುರ ಹುಡುಕಿಕೊಡುತ್ತೇನೆಂದೂ ಹೇಳಿದರು.

ಅವಳು ಕೈ ನೀಡಲಿಲ್ಲ.

"ಉಂಗುರ ಸಿಕ್ಕಿದ್ರೆ ಅತ್ತೆಗೆ ಕೊಡಿ, ಮಾವ. ಈ ಕೀನೂ ಅವರಿಗೇ ಕೊಡಿ. ಆ ಮನೇದು."

ದಡ ಹತ್ತಿ, ಗಂಡನ ಮುಂದೆಯೇ ಹಾದು, ಒದ್ದೆ ಬಟ್ಟೆಯಲ್ಲೇ ಬಸ್ ನಿಲ್ದಾಣದ ಕಡೆ ನಡೆದಳು. ಮಗರಾಯ ಚಪ್ಪಲಿ ಹುಡುಕುತ್ತಿದ್ದ.