ಟವೆಲ್ಲಿನ ಮೇಲಿನ ನೇರಳೆ ಸಿಕ್ಕಾ

ಹುಟ್ಟಿದಾಗಿನಿಂದ ಮಾಂಸದ ರುಚಿ ನೋಡದ ನನ್ನನ್ನು ವಿಜಾಪುರದ ಮುನ್ಸಿಪಾಲ್ಟಿಯವರು ಕಸಾಯಿಖಾನೆಗೆ ಇನ್‌ಸ್ಪೆಕ್ಟರ್ ಮಾಡಿದರು. ಅರವತ್ತರ ದಶಕದ ಆರಂಭ. ಸರ್ಕಾರಿ ನೌಕರಿಗೆ ಒಲ್ಲೆ ಎನ್ನುವ ಗಂಡಸು ನಮ್ಮ ಟಿಕೋಟಾದಲ್ಲಿ ಇನ್ನೂ ಹುಟ್ಟಿರಲಿಲ್ಲ. ನಸುಕಿನಲ್ಲಿ ಹೋಗಿ ಕಡಿದ ಕುರಿಗಳ ಯಕೃತ್ತು, ಶ್ವಾಸಕೋಶ ನೋಡುವುದು, ರೋಗವಿಲ್ಲದಿದ್ದರೆ ತೊಡೆಯ ಮೇಲೆ ದುಂಡನೆಯ ನೇರಳೆ ಶಾಯಿಯ ಸಿಕ್ಕಾ ಒತ್ತುವುದು, ಇಷ್ಟೇ ಕೆಲಸ. ಮೊದಲ ದಿನ ಕಣ್ಣು ಮುಚ್ಚಿಕೊಂಡೇ ಒತ್ತಿದೆ.

"ಸಾಹೇಬ್ರ, ಅದು ನನ್ನ ಮುಂಗೈರಿ," ಎಂದ ಕಟುಕ.

ಅಂಗಡಿಗಳಲ್ಲಿ ಒಂದು ಪದ್ಧತಿಯಿತ್ತು. ಬೇರೆಲ್ಲ ಮಾರಿದರೂ ಸಿಕ್ಕಾ ಇದ್ದ ತೊಡೆಯನ್ನು ಮಾತ್ರ ಕೊನೆಯವರೆಗೆ ಬಾಗಿಲಲ್ಲಿ ತೂಗುಹಾಕುತ್ತಿದ್ದರು. ಗಿರಾಕಿ ಮೊದಲು ಅದನ್ನು ನೋಡಿ ಆಮೇಲೆ ಮಾತಿಗಿಳಿಯುತ್ತಿದ್ದ. ನನಗೆ ಒಳಗೊಳಗೇ ಹೆಮ್ಮೆ ಇತ್ತೆನ್ನಿ.

ಅಥಣಿ ರಸ್ತೆಯ ಬಾಡಿಗೆ ಮನೆಯಲ್ಲಿ ಜೊತೆಗಿದ್ದ ಅವ್ವನಿಗೆ ಮಾತ್ರ ಕಾಗದಕ್ಕೆ ಸಿಕ್ಕಾ ಹೊಡೆಯುವ ಕೆಲಸ ಎಂದು ಹೇಳಿದ್ದೆ. ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದವಳು ಅವಳು. ನಿಜ ಗೊತ್ತಾದರೆ ನನ್ನ ಕೈಯ ನೀರು ಕುಡಿಯುವುದಿಲ್ಲ ಎಂದು ಜೀವ ಅಂಜುತ್ತಿತ್ತು.

ನೌಕರಿ ಸೇರಿದ ನಾಲ್ಕನೆಯ ವರ್ಷ ಅವ್ವನೂ ನಾನೂ ಬಬಲೇಶ್ವರಕ್ಕೆ ಹೆಣ್ಣು ನೋಡಲು ಹೋದೆವು. ಹುಡುಗಿಯ ಅಪ್ಪ ನನ್ನ ನೇರಳೆ ಹೆಬ್ಬೆರಳನ್ನೇ ನೋಡುತ್ತ, "ಎದರ ಮ್ಯಾಲ ಸಿಕ್ಕಾ ಒತ್ತತೀರಿ?" ಎಂದರು.

"ಕಾಗದದ ಮ್ಯಾಲ್ರಿ," ಎಂದೆ.

"ಸುಳ್ಳ ಹೇಳಿ ಹೆಣ್ಣ ತರೂದು ಬ್ಯಾಡ," ಎಂದಳು ಅವ್ವ. "ಕುರಿ ಮ್ಯಾಲ ಒತ್ತತಾನ್ರಿ. ರೋಗದ್ದು ಮಂದಿ ಹೊಟ್ಟಿಗಿ ಹೋಗದಂಗ ನೋಡೋ ಕೆಲಸ ಐತಿ ನನ್ನ ಮಗಂದು."

ಚುರಮುರಿಯ ತಟ್ಟೆ ಬಂದಷ್ಟೇ ಬೇಗ ಒಳಗೆ ಹೋಯಿತು. ಹುಡುಗಿ ಹೊರಗೆ ಬರಲೇ ಇಲ್ಲ.

ಮರಳಿ ಬರುವ ಬಸ್ಸಿನಲ್ಲಿ, "ನಿನಗ ಯಾರ್ ಹೇಳಿದ್ರಬೇ?" ಎಂದೆ.

"ಯಾರ್ ಹೇಳಬೇಕು? ದಿನಾ ಸಿಕ್ಕಾ ಟವೆಲ್ಲಿಗಿ ಒರಸ್ತಿ, ತೊಳಿಯಾಕಿ ನಾನು. ಅದ ದುಂಡನ್ನ ಗುರ್ತು ಪ್ಯಾಟ್ಯಾಗ ಕುರಿ ತೊಡಿ ಮ್ಯಾಲ ಕಂಡೆ. ಮೂರು ವರ್ಷ ಆತು."

ಮೂರು ವರ್ಷ! ನಾನು ಕಾಗದ, ಕಾಗದ ಎಂದು ನಾಟಕವಾಡುತ್ತಿದ್ದಾಗ ಈಕೆ ಸುಮ್ಮನೆ ಬಚ್ಚಲಲ್ಲಿ ನೀರು ಕಾಸಿಡುತ್ತಿದ್ದಳು. ನಾಚಿಕೆಯಾಯಿತು, ಅಳುವೂ ಬಂತು.

ನನ್ನ ಕೈಯಲ್ಲಿದ್ದ ನೀರಿನ ತಂಬಿಗೆಯತ್ತ ಅವ್ವ ಕೈ ಚಾಚಿದಳು. "ತಂಬಿಗಿ ತಾ ಇಲ್ಲಿ. ಅವರ ಮನಿ ನೀರು ಮುಟ್ಟಿಲ್ಲ ನಾ, ಬಾಯಿ ಒಣಗೈತಿ."